ಕೆಂಪು ಶಾಯಿಯಲ್ಲಿ ಬರೆದವರು

ಸಿಸ್ಟರ್ ನಮ್ಮ ಆಫೀಸಿಗೆ ಕೆಲಸ ಕೇಳಿಕೊಂಡು ಬಂದ ದಿನ ಮ್ಯಾನೇಜರ್ ಅವರ ಕೈಗೆ ಒಂದು ಹಳೆಯ ಕೇಸ್ ಶೀಟಿನ ಪ್ರಿಂಟು ಕೊಟ್ಟು, ಓದಿ ನೋಡೋಣ ಎಂದರು. ನಾವು ಐದಾರು ಜನ ಎರಡು ದಿನ ತಲೆ ಕೆರೆದುಕೊಂಡರೂ ಬಗೆಹರಿಯದಿದ್ದ ಡಾಕ್ಟರ ಕೈಬರಹ ಅದು. ಸಿಸ್ಟರ್ ಕನ್ನಡಕ ಏರಿಸಿಕೊಂಡು, ಹಾಳೆಯನ್ನು ತುಸು ದೂರ ಹಿಡಿದು, ಔಷಧಿಗಳ ಹೆಸರು, ಪ್ರಮಾಣ, ಕೊಡಬೇಕಾದ ಹೊತ್ತು ಎಲ್ಲವನ್ನೂ ದಿನಸಿ ಚೀಟಿ ಓದಿದಷ್ಟು ಸಲೀಸಾಗಿ ಓದಿಬಿಟ್ಟರು. ಮ್ಯಾನೇಜರ್ ಖುಷಿಯಾಗಿ, ಯಾವಾಗಿನಿಂದ ಬರುತ್ತೀರಿ ಎಂದು ಕೇಳಿದರು. ಅವರು ಅದಕ್ಕೆ ಉತ್ತರ ಕೊಡದೆ, "ಈ ಪೇಷೆಂಟು ಉಳ್ಕೊಂಡ್ರಾ ಸಾರ್?" ಎಂದರು. ನಮಗೆ ಯಾರಿಗೂ ಗೊತ್ತಿರಲಿಲ್ಲ. ಅದು ಗೊತ್ತಿರಬೇಕಾದ ಸಂಗತಿ ಎಂದು ಅಲ್ಲಿಯವರೆಗೆ ನಮಗೆ ಅನ್ನಿಸಿಯೂ ಇರಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮ ಆಫೀಸಿನವರಿಗೆ ಯಾರೆಂದು ತಿಳಿಯುವುದು ಅನುಮಾನ. ಎಲ್ಲರಿಗೂ ಅವರು ಸಿಸ್ಟರ್. ಹೂಡಿಯ ಹಳೆಯ ಮನೆತನದವರು. ನಮ್ಮ ಕಟ್ಟಡದ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರಂತೆ. ಇದನ್ನು ಅವರು ಕಣ್ಣೀರು ಹಾಕಿಕೊಂಡು ಹೇಳಿದವರಲ್ಲ. ನಾವು ಸ್ಕೂಟರುಗಳನ್ನು ಅಡ್ಡಾದಿಡ್ಡಿ ನಿಲ್ಲಿಸಿದಾಗ ಮಾತ್ರ, ಅಪ್ಪ ಇದ್ದಿದ್ದರೆ ಇಷ್ಟು ಹೊತ್ತಿಗೆ ಕೋಲು ಹಿಡಿದು ಬರುತ್ತಿದ್ದರು ಎನ್ನುತ್ತಿದ್ದರು. ಊರಿನಲ್ಲಿ ನರ್ಸಿಂಗ್ ಓದಿದ ಮೊದಲ ಹುಡುಗಿ ಅವರೇ. ಪೀಣ್ಯ ಕಡೆಯ ಒಂದು ಆಸ್ಪತ್ರೆಯಲ್ಲಿ ಮೂವತ್ತು ವರ್ಷ, ದಿನಾ ಎರಡೆರಡು ಬಸ್ಸು ಬದಲಾಯಿಸಿಕೊಂಡು ಹೋಗಿ ಬಂದು ದುಡಿದು ನಿವೃತ್ತರಾಗಿದ್ದರು.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಆ ಆಸ್ಪತ್ರೆಯೇ ತನ್ನ ಹಳೆಯ ಕೇಸ್ ಶೀಟುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಲು ನಮಗೆ ಕೊಟ್ಟಿತ್ತು. ಕಾಗದಗಳು ಇದ್ದದ್ದು ತುಮಕೂರು ರಸ್ತೆಯ ಮಾದನಾಯಕನಹಳ್ಳಿಯ ಒಂದು ಗೋಡೌನಿನಲ್ಲಿ. ಅಲ್ಲೇ ಅವುಗಳನ್ನು ಸ್ಕ್ಯಾನ್ ಮಾಡುತ್ತಿದ್ದರು, ಚಿತ್ರಗಳು ಹೂಡಿಗೆ ಬರುತ್ತಿದ್ದವು. ನಮ್ಮ ಸಾಫ್ಟ್‌ವೇರ್ ಆ ಚಿತ್ರಗಳನ್ನು ಓದಿ ಹೆಸರು, ವಯಸ್ಸು, ಕಾಯಿಲೆ, ಜ್ವರ, ಕೊಟ್ಟ ಔಷಧಿ, ಒಗ್ಗದ ಔಷಧಿ ಎಲ್ಲವನ್ನೂ ತಾನೇ ತಾನಾಗಿ ಆಯಾ ಜಾಗಕ್ಕೆ ತುಂಬುತ್ತಿತ್ತು. ಖಾತ್ರಿ ಇದ್ದದ್ದಕ್ಕೆ ಹಸಿರು ಬಣ್ಣ ಕೊಡುತ್ತಿತ್ತು, ಅನುಮಾನ ಬಂದದ್ದಕ್ಕೆ ಹಳದಿ. ಹಸಿರನ್ನು ಯಾರೂ ನೋಡುತ್ತಿರಲಿಲ್ಲ. ಹಳದಿಯನ್ನು ಮನುಷ್ಯರು ಕೂತು ಸರಿಪಡಿಸಬೇಕಿತ್ತು. ಹಳದಿ ಕಡಿಮೆಯಾಗುವಂತೆ ಮಾಡುವುದು ನನ್ನ ಕೆಲಸ, ಉಳಿದ ಹಳದಿಯನ್ನು ಓದುವುದು ಸಿಸ್ಟರ್ ಮತ್ತು ಅವರ ಜೊತೆಯವರ ಕೆಲಸ. ಆಸ್ಪತ್ರೆಯವರು ಒಪ್ಪಿದ ಮೇಲೆ ಕಾಗದವೆಲ್ಲ ಗಿರಣಿಗೆ ಹೋಗಿ ಕರಗಿ ಮತ್ತೆ ಕಾಗದವಾಗಬೇಕು ಎಂಬುದು ಕರಾರು.

ನಾವು ರೆಕಾರ್ಡ್ ಎನ್ನುತ್ತಿದ್ದುದನ್ನು ಸಿಸ್ಟರ್ ಪೇಷೆಂಟ್ ಎನ್ನುತ್ತಿದ್ದರು. ಸಂಜೆ ಎದ್ದು ಹೊರಡುವ ಮುಂಚೆ, ಇನ್ನೂ ಎಷ್ಟು ಪೇಷೆಂಟು ಬಾಕಿ ಇದ್ದಾರೆ ಎಂದು ಕೇಳುತ್ತಿದ್ದರು. ಕಂಪ್ಯೂಟರ್ ಮುಂದೆ ಕೂತು ಪಫ್ ತಿನ್ನುವವರನ್ನು, ವಾರ್ಡಿನಲ್ಲಿ ಯಾರಾದರೂ ತಿನ್ನುತ್ತಾರಾ ಎಂದು ಎಬ್ಬಿಸಿ ಕಳಿಸುತ್ತಿದ್ದರು. ಪರದೆಯ ಮೇಲೆ ಬೆರಳಿಟ್ಟು ಓದುವುದು ಅವರ ಅಭ್ಯಾಸ. ಅವರ ಮಾನಿಟರ್ ತುಂಬ ಕೊಬ್ಬರಿ ಎಣ್ಣೆಯ ಬೆರಳಚ್ಚು. ಕೈಬರಹ ಓದುವ ಗುಟ್ಟು ಹೇಳಿಕೊಡಿ ಎಂದು ನಾನು ದುಂಬಾಲು ಬಿದ್ದಾಗ ಅವರು ಹೇಳಿದ್ದು ಇಷ್ಟೇ: "ಅಕ್ಷರ ಓದ್ಬೇಡಮ್ಮ, ಪೇಷೆಂಟನ್ನ ಓದು. ಇಷ್ಟು ವಯಸ್ಸು, ಇಷ್ಟು ಜ್ವರ, ಎರಡನೇ ದಿನ. ಇನ್ನೇನು ಬರೀತಾರೆ ನೀನೇ ಹೇಳು."

ಒಮ್ಮೆ ನಮ್ಮ ಸಾಫ್ಟ್‌ವೇರ್ ಆರು ದಿನದ ಕೂಸನ್ನು ಅರವತ್ತು ವರ್ಷದ ಹೆಂಗಸು ಮಾಡಿ, ಹಸಿರು ಬಣ್ಣವನ್ನೂ ಕೊಟ್ಟುಬಿಟ್ಟಿತ್ತು. ಅದೇ ಹಾಳೆಯ ಹಳದಿ ಓದುವಾಗ ಅದನ್ನು ಹಿಡಿದವರು ಸಿಸ್ಟರ್. ಎರಡೂವರೆ ಕೇಜಿ ತೂಕದ ಅಜ್ಜಿ ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕಾದ ಮೇಲೆ, ಹಸಿರನ್ನೂ ಯಾರಾದರೂ ನೋಡಬೇಕಲ್ಲವಾ ಎಂದು ಕೇಳಿದರು. ಹಸಿರು ನೋಡುವುದಕ್ಕೆ ನಮಗೆ ಹೊತ್ತಿಲ್ಲ ಸಿಸ್ಟರ್ ಎಂದೆ. ಆವತ್ತಿನಿಂದ ಊಟದ ಬಿಡುವಿನಲ್ಲಿ, ಡಬ್ಬಿ ಬೇಗ ಮುಗಿಸಿ, ಅವರೊಬ್ಬರೇ ಬಂದು ಹಸಿರಿನ ಮೇಲೆ ಬೆರಳಾಡಿಸುತ್ತಿದ್ದರು.

ನಾನು ಹುಟ್ಟು ಪುಕ್ಕಲಿ. ಬಾಡಿಗೆ ಕೋಣೆಗೆ ಬೀಗ ಹಾಕಿ ಬೀದಿ ತುದಿಯಿಂದ ವಾಪಸು ಬಂದು ಬೀಗ ಎಳೆದು ನೋಡುವವಳು. ಸಿಸ್ಟರಿಗೆ ಅದು ಮೊದಲ ವಾರದಲ್ಲೇ ತಿಳಿಯಿತು. ಯಾವುದೋ ಮಾತಿನ ಮಧ್ಯೆ ನನ್ನ ಮಣಿಕಟ್ಟು ಹಿಡಿದವರು ಹಾಗೇ ನಾಡಿ ನೋಡಿ, "ಇಷ್ಟು ಓಡ್ತಾ ಇದೆಯಲ್ಲ, ಎಲ್ಲಿಗೆ ಹೋಗ್ಬೇಕಮ್ಮ?" ಎಂದಿದ್ದರು.

ಆ ಆಸ್ಪತ್ರೆಯ ಫಾರಮ್ಮುಗಳಲ್ಲಿ ಗೆರೆಗಳು, ಚೌಕಗಳು ಕೆಂಪು ಬಣ್ಣದಲ್ಲಿ ಅಚ್ಚಾಗಿದ್ದವು. ಸಾಫ್ಟ್‌ವೇರಿಗೆ ಗೆರೆ ಯಾವುದು, ಅಂಕಿ ಯಾವುದು ತಿಳಿಯದೆ ಪುಟವಿಡೀ ಹಳದಿ ಬಳಿಯುತ್ತಿತ್ತು. ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೆ. ಕೆಲಸ ಕಾಯಂ ಆಗುತ್ತದೋ ಇಲ್ಲವೋ ಎಂಬ ಚಿಂತೆಗೆ ಊಟ ಸೇರುತ್ತಿರಲಿಲ್ಲ. ಸ್ಕ್ಯಾನರಿನ ಕೈಪಿಡಿ ಓದುತ್ತಾ ಒಂದು ಸೌಲಭ್ಯ ಕಣ್ಣಿಗೆ ಬಿತ್ತು. ಯಾವುದಾದರೊಂದು ಬಣ್ಣವನ್ನು ಆರಿಸಿ ಬಿಟ್ಟುಬಿಡು ಎಂದರೆ ಚಿತ್ರದಲ್ಲಿ ಆ ಬಣ್ಣ ಮೂಡುವುದೇ ಇಲ್ಲ. ಗೋಡೌನಿನವರಿಗೆ ಹೇಳಿ ಕೆಂಪನ್ನು ಬಿಡಿಸಿದೆ. ಗೆರೆ, ಚೌಕ ಎಲ್ಲ ಮಾಯವಾಗಿ ಬಿಳಿ ಹಾಳೆಯ ಮೇಲೆ ಬರಹ ಮಾತ್ರ ಉಳಿಯಿತು. ಒಂದೇ ವಾರದಲ್ಲಿ ಹಳದಿ ಅರ್ಧಕ್ಕಿಂತ ಕೆಳಗಿಳಿಯಿತು. ಮ್ಯಾನೇಜರ್ ಎಲ್ಲರೆದುರು ಹೊಗಳಿ ಕೇಕ್ ತರಿಸಿದರು. ಒಗ್ಗದ ಔಷಧಿಯ ಜಾಗ ಖಾಲಿ ಇದ್ದರೆ 'ಇಲ್ಲ' ಎಂದು ತುಂಬಿ ಹಸಿರು ಮಾಡು ಎಂದು ಸಾಫ್ಟ್‌ವೇರಿಗೆ ಮೊದಲೇ ಹೇಳಿಕೊಟ್ಟಿದ್ದವಳೂ ನಾನೇ. ಖಾಲಿ ಎಂದರೆ ಇಲ್ಲ ಎಂದೇ ನನ್ನ ಎಣಿಕೆ.

ಕೆಲವು ವಾರಗಳ ನಂತರ ಒಂದು ಮಂಗಳವಾರ ಸಿಸ್ಟರ್ ನನ್ನನ್ನು ಕರೆದು ಪರದೆ ತೋರಿಸಿದರು. ಯಾರದೋ ಜ್ವರದ ಪಟ್ಟಿ. ಸಂಜೆ ಎಂಟಕ್ಕೆ ನೂರಮೂರು ಡಿಗ್ರಿ, ಅದಾದ ಮೇಲಿನ ದಾಖಲೆ ಮರುದಿನ ಬೆಳಿಗ್ಗೆ ಎಂಟಕ್ಕೆ. ನಡುವೆ ಬರಿದು. ಇನ್ನೊಂದು ತೆರೆದರು, ಮತ್ತೊಂದು ತೆರೆದರು. ಎಲ್ಲದರಲ್ಲೂ ಅದೇ. ಈ ಪೇಷೆಂಟುಗಳಿಗೆ ರಾತ್ರಿಯೇ ಆಗಲಿಲ್ಲವಾ ಎಂದು ಕೇಳಿದರು. ರಾತ್ರಿ ಡ್ಯೂಟಿಯವರು ಮಲಗಿಬಿಟ್ಟಿರುತ್ತಾರೆ ಬಿಡಿ ಎಂದು ನಾನು ಹಗುರವಾಗಿ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ನಮ್ಮ ಹುಡುಗಿಯರು ಅಂಥವರಲ್ಲ ಎಂದು ಹೇಳಿ ಮತ್ತೆ ಕೆಲಸಕ್ಕೆ ತಿರುಗಿದರು.

ಮರುದಿನ, ಬುಧವಾರ, ಊಟದ ಬಿಡುವಿನಲ್ಲಿ ಅವರು ನನ್ನ ಜಾಗಕ್ಕೇ ಬಂದರು. ಅವರಿಗೆ ಗೊತ್ತಿದ್ದ ಪೇಷೆಂಟೊಬ್ಬ ಪರದೆಯಲ್ಲಿ ಸಿಕ್ಕಿದ್ದ. ಯಾದಗಿರಿ ಕಡೆಯವನು, ಪೀಣ್ಯದಲ್ಲಿ ತಗಡು ಒತ್ತುವ ಪ್ರೆಸ್ ಶಾಪ್ ಒಂದರಲ್ಲಿ ಕೆಲಸಕ್ಕಿದ್ದವನು. ಎರಡು ಬೆರಳು ಜಜ್ಜಿಸಿಕೊಂಡು ಬಂದಿದ್ದನಂತೆ. ಪೆನಿಸಿಲಿನ್ ಚುಚ್ಚಿದ ಕೆಲವೇ ನಿಮಿಷಕ್ಕೆ ಮುಖ ಊದಿ, ಉಸಿರು ಕಟ್ಟಿ, ಅವರ ಕೈಯಲ್ಲೇ ಹೋಗುವಂತಾಗಿ ಹೇಗೋ ಉಳಿದುಕೊಂಡನಂತೆ. ಅವನ ಹಾಳೆಯಲ್ಲಿ, ಒಗ್ಗದ ಔಷಧಿ ಎಂಬಲ್ಲಿ, 'ಇಲ್ಲ' ಎಂದು ಹಸಿರಾಗಿ ಕೂತಿತ್ತು.

"ನಾನೇ ಬರ್ದಿದ್ದೆ ಕಣಮ್ಮ, ಈ ಕೈಯಲ್ಲೇ," ಎಂದರು. "ಕೆಂಪು ಪೆನ್ನಲ್ಲಿ ಬರ್ದು ಕೆಳಗೆ ಎರಡು ಗೆರೆ ಎಳ್ದಿದ್ದೆ."

ಕೆಂಪು ಪೆನ್ನು ಯಾಕೆ ಎಂದು ಕೇಳಿದೆ. ಅವರ ಆಸ್ಪತ್ರೆಯಲ್ಲಿ ಹಗಲು ಡ್ಯೂಟಿಯವರು ನೀಲಿಯಲ್ಲಿ ಬರೆಯಬೇಕು, ರಾತ್ರಿ ಡ್ಯೂಟಿಯವರು ಕೆಂಪಿನಲ್ಲಿ. ಬೆಳಿಗ್ಗೆ ಬಂದ ಡಾಕ್ಟರಿಗೆ ರಾತ್ರಿ ಏನಾಯಿತೆಂದು ಒಂದೇ ನೋಟಕ್ಕೆ ತಿಳಿಯಲಿ ಎಂದು ಆ ಪದ್ಧತಿ. ಒಗ್ಗದ ಔಷಧಿಯನ್ನಂತೂ ಹಗಲಾಗಲಿ ರಾತ್ರಿಯಾಗಲಿ ಕೆಂಪಿನಲ್ಲೇ ಬರೆಯಬೇಕು. ಇದನ್ನು ಅವರು ಎಲ್ಲರಿಗೂ ಗೊತ್ತಿರುವ ಮಾತಿನ ಹಾಗೆ ಹೇಳಿದರು. ಆಸ್ಪತ್ರೆಗೆ ಆಗಲೇ ಕಳಿಸಿಕೊಟ್ಟ ಸಾವಿರಾರು ಹಾಳೆಗಳ ರಾತ್ರಿಗಳನ್ನೆಲ್ಲ ಅಳಿಸಿ, ಯಾರಿಗೂ ಯಾವ ಔಷಧಿಯಿಂದಲೂ ಅಪಾಯವಿಲ್ಲ ಎಂದು ಹಸಿರು ಬಳಿದವಳು ನಾನು ಎಂದು ಆ ಕ್ಷಣಕ್ಕೆ ತಿಳಿಯಿತು. ಅವರಲ್ಲಿ ಯಾರಾದರೂ ಇವತ್ತೇ ಆ ಆಸ್ಪತ್ರೆಗೆ ಮತ್ತೆ ಬಂದಿರಬಹುದು ಎಂಬುದೂ ಹೊಳೆಯಿತು.

ಸಿಸ್ಟರ್ ನನ್ನನ್ನು ನೋಡುತ್ತಿರಲಿಲ್ಲ. ತಮ್ಮ ಬಲಗೈಯನ್ನು ನೋಡಿಕೊಳ್ಳುತ್ತಿದ್ದರು. "ಇಲ್ಲಿ ಏನೂ ಇಲ್ವಲ್ಲ. ನಂಗೇ ಮರೆವು ಶುರುವಾಯ್ತಾ?" ಎಂದರು. ಅವರಮ್ಮ ಕೊನೆಗಾಲದಲ್ಲಿ ಹೆತ್ತ ಮಗಳನ್ನೇ ಯಾರಮ್ಮ ನೀನು ಎಂದು ಕೇಳುತ್ತಿದ್ದರಂತೆ. ಸಿಸ್ಟರಿಗೆ ಲೋಕದಲ್ಲಿ ಅದೊಂದೇ ಭಯ ಎಂದು ನಮಗೆಲ್ಲ ಗೊತ್ತಿತ್ತು.

ಒಂದು ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ಹಳೇ ಕೇಸಲ್ವಾ ಸಿಸ್ಟರ್, ಬೇರೆ ಯಾರ ಜೊತೆಗೋ ಕಲೆಸಿಹೋಗಿರ್ಬೇಕು," ಎಂದೆ.

"ಇರ್ಬೋದು," ಎಂದರು ಅವರು.

ನನ್ನ ಕೆಲಸ ಕಾಯಂ ಮಾಡುವ ಪತ್ರ ಆ ಶುಕ್ರವಾರ ಕೈಗೆ ಬರುವುದಿತ್ತು. ಶುಕ್ರವಾರ ದಾಟಲಿ, ಸೋಮವಾರ ಹೇಳುತ್ತೇನೆ, ಕಾಗದಗಳು ಹೇಗೂ ತಿಂಗಳ ಕೊನೆಯವರೆಗೆ ಗೋಡೌನಿನಲ್ಲೇ ಇರುತ್ತವೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಎರಡು ದಿನ ಹೇಗೆ ಕಳೆದೆನೋ ದೇವರಿಗೇ ಗೊತ್ತು. ಫೋನ್ ಸದ್ದಾದರೆ ಆಸ್ಪತ್ರೆಯಿಂದಲೇ ಇರಬೇಕು, ಯಾರಿಗೋ ಏನೋ ಆಗಿರಬೇಕು ಎಂದುಕೊಳ್ಳುತ್ತಿದ್ದೆ. ಗೋಡೌನಿಗೆ ಹೇಳಿ ಕೆಂಪನ್ನು ವಾಪಸು ತರೋಣವೆಂದು ಫೋನ್ ಎತ್ತಿ, ಹಳದಿ ಏಕಾಏಕಿ ಏರಿದರೆ ಎಲ್ಲರೂ ಯಾಕೆಂದು ಕೇಳುತ್ತಾರೆ ಎಂದು ಕೆಳಗಿಡುತ್ತಿದ್ದೆ.

ಇನ್ನೊಂದು ಕಡೆ ಸಿಸ್ಟರ್ ನನ್ನ ಕಣ್ಣೆದುರೇ ಕುಗ್ಗಿಹೋದರು. ಗುರುವಾರ ಇಡೀ ದಿನ ಅವರು ಯಾರನ್ನೂ ಗದರಲಿಲ್ಲ. ಪಕ್ಕದವರು ಚಿಪ್ಸ್ ತಿನ್ನುತ್ತಿದ್ದರೂ ಸುಮ್ಮನಿದ್ದರು. ಓದಿದ ಪ್ರತಿಯೊಂದಕ್ಕೂ ನನ್ನನ್ನು ಕೂಗಿ ಕರೆದು, ಇದು ಪ್ಯಾರಾಸಿಟಮಾಲ್ ತಾನೆ, ಇದು ಐನೂರು ತಾನೆ, ನೀನೂ ಒಂದು ಸಲ ನೋಡು ಎನ್ನುತ್ತಿದ್ದರು. ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ನಾನು ಬಗ್ಗಿ ನೋಡಿ ಸರಿ ಸಿಸ್ಟರ್ ಎನ್ನುತ್ತಿದ್ದೆ. ಇಂಥ ನಾಚಿಕೆಗೇಡು ನನ್ನ ಜೀವನದಲ್ಲಿ ಇನ್ನೊಂದಿಲ್ಲ. ಸಂಜೆ ಹೊರಡುವಾಗ ಅವರು, ಕೆಲಸ ಬಿಡುವುದೇ ಒಳ್ಳೆಯದೇನೋ ಎಂದರು.

ಶುಕ್ರವಾರ ಬೆಳಿಗ್ಗೆ ಗೋಡೌನಿನಿಂದ ಮೇಲ್ ಬಂದಿತ್ತು. ಆಸ್ಪತ್ರೆಯವರು ಬೇಗನೆ ಒಪ್ಪಿಗೆ ಕೊಟ್ಟಿದ್ದರಿಂದ ಕಾಗದಗಳನ್ನು ಗಿರಣಿಗೆ ಸಾಗಿಸುತ್ತಿದ್ದೇವೆ, ಇವತ್ತು ಮಿಕ್ಕದ್ದೂ ಹೋಗುತ್ತದೆ ಎಂದು ಅದರಲ್ಲಿತ್ತು. ಗೋಡೌನಿಗೆ ಫೋನ್ ಮಾಡಿದೆ. ನಿಮ್ಮ ಮ್ಯಾನೇಜರ್ ಹೇಳದೆ ನಿಲ್ಲಿಸಲು ಆಗುವುದಿಲ್ಲ ಎಂದು ಅಲ್ಲಿಯವರು ಹೇಳಿದರು. ಚೆನ್ನೈಗೆ ವಿಮಾನ ಹತ್ತಿದ್ದ ಮ್ಯಾನೇಜರ್ ಫೋನು ಆಫ್ ಆಗಿತ್ತು. ಆಮೇಲೆ ಯೋಚಿಸಲು ಏನೂ ಉಳಿದಿರಲಿಲ್ಲ. ಸಿಸ್ಟರನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ನಿಮಗೆ ಮರೆವಿಲ್ಲ, ಕೆಂಪು ಬಿಡಿಸಿದ್ದು ನಾನು, ಬುಧವಾರವೇ ನನಗೆ ತಿಳಿದಿತ್ತು ಎಂದೆ. ಅವರು ಕಂಬಿ ಹಿಡಿದುಕೊಂಡು ಮೆಲ್ಲಗೆ ಮೆಟ್ಟಿಲ ಮೇಲೆ ಕೂತರು.

"ನೆನ್ನೆ ನಾನು ಕರ್ದು ಕರ್ದು ತೋರಿಸ್ತಿದ್ನಲ್ಲ, ಆಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು ಸಿಸ್ಟರ್."

ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಸೆರಗು ಸಿಕ್ಕಿಸಿಕೊಂಡು ಎದ್ದರು. ತುಂಬ ಕಳವಳವಾದಾಗ ಮಾತ್ರ ಅವರ ಬಾಯಲ್ಲಿ ಊರಿನ ಮಾತು ಬರುತ್ತಿತ್ತು. "ಪೇಪರು ಇನ್ನೂ ಅಲ್ಲೇ ಅವೇನೋ, ನಡಿ ಓಗಾನ," ಎಂದರು.

ಹೂಡಿಯಿಂದ ಮಾದನಾಯಕನಹಳ್ಳಿ ಎಂದರೆ ಊರಿನ ಈ ತುದಿಯಿಂದ ಆ ತುದಿ. ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ಅಲ್ಲಾಡದೆ ನಿಂತಿತು. ಪೀಣ್ಯದಲ್ಲಿ ಮೆಟ್ರೊ ಕಂಬಗಳು ಎದ್ದಿದ್ದವು, ರೈಲು ಇನ್ನೂ ಓಡುತ್ತಿರಲಿಲ್ಲ. ಕಂಬಗಳ ಕೆಳಗೆ ವಾಹನಗಳು ಅಂಗುಲ ಅಂಗುಲ ತೆವಳುತ್ತಿದ್ದವು. ಎದುರಿನಿಂದ ಬರುವ ಪ್ರತಿ ಲಾರಿಯಲ್ಲೂ ನಮ್ಮ ಕಾಗದವೇ ಇದೆ ಎಂದು ನನಗೆ ಕಾಣುತ್ತಿತ್ತು. ದಾರಿಯಲ್ಲಿ ಒಮ್ಮೆ ಸಿಸ್ಟರ್ ತಮ್ಮ ಬಾಟಲಿ ತೆಗೆದು, ಕುಡಿ, ತುಟಿ ಒಣಗಿದೆ ಎಂದರು. ಒಂದು ಗುಟುಕು ಕುಡಿದು ಬಾಟಲಿ ವಾಪಸು ಕೊಟ್ಟೆ.

ಗೋಡೌನಿನ ಮುಂದೆ ಲಾರಿ ನಿಂತಿತ್ತು, ಅರ್ಧ ತುಂಬಿತ್ತು. ಅಲ್ಲಿನ ಉಸ್ತುವಾರಿ ವಿಜಯಪುರದ ಕಡೆಯವನು, ಸಂಭಾವಿತ ಮನುಷ್ಯ. "ಒಂದ್ ಗಾಡಿ ನಿನ್ನೆ ಮಧ್ಯಾಹ್ನನ ಹೋತ್ರಿ ಅಕ್ಕಾರ," ಎಂದ. ಇದನ್ನು ನಿಲ್ಲಿಸಬೇಕಾದರೆ ಮೇಲಿನವರ ಮಾತು ಬೇಕು ಎಂದ. ನಾನು ಮೇಲ್, ಮ್ಯಾನೇಜರ್, ಸ್ಕ್ಯಾನರ್ ಎಂದು ತೊದಲುತ್ತಿದ್ದೆ. ಸಿಸ್ಟರ್ ನನ್ನನ್ನು ಪಕ್ಕಕ್ಕೆ ಸರಿಸಿ, ನಿಮ್ಮವರು ಯಾರಾದರೂ ಪೀಣ್ಯದಲ್ಲಿ ಕೆಲಸಕ್ಕೆ ಇದ್ದಾರಾ ಎಂದು ಅವನನ್ನು ಕೇಳಿದರು. ತಮ್ಮ ಇದ್ದಾನೆ ಎಂದ.

"ಮಿಷಿನ್ನಿಗೆ ಕೈ ಕೊಟ್ರೆ ಆ ಆಸ್ಪತ್ರೆಗೇ ಕರ್ಕೊಂಡೋಗೋದು. ಅವನಿಗೆ ಯಾವ ಇಂಜೆಕ್ಷನ್ ಆಗಲ್ಲ ಅಂತ ಈ ಪೇಪರ್‌ನಲ್ಲಿ ಮಾತ್ರ ಇದ್ರೆ ಏನ್ಮಾಡ್ತೀಯ? ಇಳ್ಸಪ್ಪ," ಎಂದರು.

ಅವನು ಒಂದು ಗಳಿಗೆ ಅವರನ್ನು ನೋಡಿ ಹಮಾಲರಿಗೆ ಕೈ ಮಾಡಿದ. ಕಟ್ಟುಗಳು ಒಂದೊಂದಾಗಿ ಕೆಳಗಿಳಿದವು. ಸಿಸ್ಟರ್ ನೆಲದಲ್ಲೇ ಕೂತು ಒಂದು ಕಟ್ಟು ಬಿಚ್ಚಿದರು. ಹಾಳೆಯ ತುಂಬ ಕೆಂಪು ಬರಹ. ಎರಡು ಗಂಟೆಗೆ ಇಷ್ಟು ಜ್ವರ, ನಾಲ್ಕು ಗಂಟೆಗೆ ಇಷ್ಟು, ಒದ್ದೆ ಬಟ್ಟೆ ಹಾಕಿದೆ, ನಿದ್ದೆ ಬಂತು. "ನೋಡು, ನಮ್ಮ ಹುಡುಗೀರು ಮಲಗಿರ್ಲಿಲ್ಲ," ಎಂದು ನನ್ನತ್ತ ಹಾಳೆ ಚಾಚಿದರು. ನಾನು ಅಲ್ಲೇ ಅತ್ತುಬಿಟ್ಟೆ.

ಆಮೇಲೆ ಪಟ್ಟಿ ಹಿಡಿದು ಯಾದಗಿರಿಯವನ ಕಟ್ಟು ಹುಡುಕಿದೆವು. ಅದು ಗುರುವಾರದ ಲಾರಿಯಲ್ಲಿ ಹೋಗಿತ್ತು. ಗಿರಣಿಗೆ ಫೋನ್ ಮಾಡಿಸಿದರೆ ಆ ಲೋಡು ಬೆಳಿಗ್ಗೆಯೇ ಕಾಗದ ಕರಗಿಸುವ ನೀರಿಗೆ ಬಿದ್ದಾಯಿತು ಎಂದರು. ನಾನು ಬುಧವಾರ ಬಾಯಿ ಬಿಟ್ಟಿದ್ದರೆ ಅದು ಉಳಿಯುತ್ತಿತ್ತು. ಸಿಸ್ಟರ್ ಆ ಮಾತನ್ನು ಆಡಲಿಲ್ಲ, ಇರಲಿ ಬಿಡು ಎಂದರು.

ಸಂಜೆ ಮ್ಯಾನೇಜರಿಗೆ ಫೋನಿನಲ್ಲಿ ಎಲ್ಲ ಒಪ್ಪಿಸಿದೆ. ಅವರು ಕೂಗಾಡಿದರು, ಆದರೆ ಆ ರಾತ್ರಿಯೇ ಆಸ್ಪತ್ರೆಗೆ ವಿಷಯ ತಿಳಿಸಿದರು. ಉಳಿದ ಕಾಗದಗಳನ್ನು ಬಣ್ಣದಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿದೆವು. ನನ್ನ ಪತ್ರ ಆರು ತಿಂಗಳು ಮುಂದೆ ಹೋಯಿತು. ಹಾಳಾದ ಲೋಡಿನ ಪೇಷೆಂಟುಗಳಿಗೆಲ್ಲ 'ಇಲ್ಲ' ಎಂಬುದನ್ನು ತೆಗೆದು 'ಗೊತ್ತಿಲ್ಲ, ಪೇಷೆಂಟನ್ನೇ ಕೇಳಿ' ಎಂದು ಹಾಕಿದೆವು. ಆ ಮಾತು ಸಿಸ್ಟರದ್ದೇ. ಯಾದಗಿರಿಯವನ ಸರದಿ ಬಂದಾಗ ನಾನು, ಇವನಿಗೆ ಪೆನಿಸಿಲಿನ್ ಎಂದೇ ಬರೆಯುತ್ತೇನೆ, ನೀವೇ ಬರೆದದ್ದಲ್ಲವಾ ಎಂದೆ.

"ಬರ್ದಿದ್ದೆ ಅನ್ಸುತ್ತೆ," ಎಂದರು. "ನನ್ನ ನೆನಪಿನ ಮೇಲೆ ಬರೀಬೇಡಮ್ಮ. ಗೊತ್ತಿಲ್ಲ ಅಂತಲೇ ಹಾಕು."

ಇನ್ನೂ ಒಂದೂವರೆ ವರ್ಷ ಅವರು ನಮ್ಮ ಜೊತೆ ಕೆಲಸ ಮಾಡಿದರು. ಚಿಪ್ಸ್ ತಿನ್ನುವವರನ್ನು ಮತ್ತೆ ಗದರತೊಡಗಿದರು, ನನ್ನನ್ನು ಮೊದಲಿನಂತೆಯೇ ಮಾತಾಡಿಸಿದರು. ಆ ಎರಡು ದಿನದ ಮಾತನ್ನು ಮತ್ತೆ ಎತ್ತಲೇ ಇಲ್ಲ. ಎಲ್ಲ ಸರಿಹೋಯಿತು ಎಂದು ನಾನು ನಂಬಿಕೊಂಡೆ. ನಂಬಿಕೊಳ್ಳುವುದು ನನಗೆ ಅನುಕೂಲವೂ ಆಗಿತ್ತು.

ಹೋದ ವರ್ಷ ಅವರು ತೀರಿಕೊಂಡರು ಎಂದು ತಿಳಿದು ಹೂಡಿಯ ಅವರ ಮನೆಗೆ ಹೋದೆ. ಸೊಸೆ ಕೂರಿಸಿ ಮಾತಾಡಿಸಿದರು. ಕೊನೆಯವರೆಗೂ ಅವರ ನೆನಪು ಚುರುಕಾಗಿತ್ತಂತೆ. ನನಗೆ ಎಷ್ಟೋ ಹಗುರವೆನಿಸಿತು. ಸೊಸೆ ಅತ್ತೆಯ ಗುಣಗಾನ ಮಾಡುತ್ತಾ, ಮೂವತ್ತು ವರ್ಷ ನರ್ಸ್ ಆಗಿದ್ದವರು ಸ್ವಂತ ಮೊಮ್ಮಗಳಿಗೆ ಜ್ವರದ ಸಿರಪ್ ಕುಡಿಸಬೇಕಾದರೂ ಮುಂಚೆ ಅಳತೆ ಮುಚ್ಚಳವನ್ನು ಇನ್ನೊಬ್ಬರಿಗೆ ತೋರಿಸಿ, ಐದೇ ತಾನೆ ನೋಡಮ್ಮ ಎಂದು ಕೇಳಿ ಕುಡಿಸುತ್ತಿದ್ದರು ಎಂದರು. ಮನೆಯಲ್ಲಿ ಯಾರೂ ಇಲ್ಲದಿದ್ದರೆ, ಅಳುವ ಮಗುವನ್ನು ಎತ್ತಿಕೊಂಡು ಪಕ್ಕದ ಮನೆಗೆ ಹೋಗಿ ತೋರಿಸಿಕೊಂಡು ಬರುತ್ತಿದ್ದರಂತೆ.

ಮೊದಲಿನಿಂದಲೂ ಹಾಗೇನಾ ಎಂದು ಕೇಳಿದೆ.

"ಇಲ್ಲ ಮೇಡಂ, ಪಾಪು ಚಿಕ್ಕವಳಿದ್ದಾಗ ಒಂದಿನ ಇದ್ದಕ್ಕಿದ್ದಂಗೆ ಶುರು ಮಾಡಿದ್ರು," ಎಂದರು. "ಯಾಕತ್ತೆ ಅಂದ್ರೆ, ಆಫೀಸಲ್ಲಿ ಕಲಿಸಿದ್ರು ಅಂತಿದ್ರು. ಒಳ್ಳೆ ಅಭ್ಯಾಸ ಕಲ್ಸಿದ್ರಿ ನೀವು."

"ಕಲಿಸಿದ್ದು ನಾನು," ಎಂದೆ. ಅವರು ನಕ್ಕು ಕಾಫಿ ತರಲು ಎದ್ದರು. ಕೈ ಹಿಡಿದು ಅವರನ್ನು ಕೂರಿಸಿ, ಆ ಬುಧವಾರದಿಂದ ಹೇಳತೊಡಗಿದೆ.